ಮಳೆಮಾಪಕದ ಡ್ರೈವರ್ ಸೆಟ್ಟಿಂಗ್ ಎಲ್ಲಿಡೋದು? ಅನುಭವ ಇದ್ದವರು ಹೇಳಿ

ಸುಂಟಿಕೊಪ್ಪ ತೋಟ: ಎಲ್ಲರಿಗೂ ನಮಸ್ಕಾರ. ಬಕೆಟ್ ವಾಲುವ ಮಾದರಿಯ ಮಳೆಮಾಪಕವನ್ನು ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರಿಗೆ ಜೋಡಿಸಿ, ಅದರ ಲಿನಕ್ಸ್ ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಸಣ್ಣದೊಂದು ಡ್ರೈವರ್ ಬರೆದಿದ್ದೇನೆ. ಎಣಿಕೆ ಸರಿಯಾಗಿ ಬರುತ್ತಿದೆ. ನಾನಿರೋದು ಬೆಂಗಳೂರಲ್ಲಿ, ತೋಟದಲ್ಲಿ ಇದನ್ನು ನೋಡಿಕೊಳ್ಳುವವರು ರೈಟರ್ (ತೋಟದ ಲೆಕ್ಕ ಬರೆಯುವವರು). ಒಂದು ಸಲ ವಾಲಿದರೆ ಎಷ್ಟು ಮಳೆ, ಡಿಬೌನ್ಸ್ (ಸ್ವಿಚ್ ನಡುಗಿದ್ದನ್ನು ಮತ್ತೆ ಎಣಿಸದಂತೆ ಬಿಡುವ ಸಮಯ) ಎಷ್ಟು, ಲೆಕ್ಕ ಸೆಂಟಲ್ಲೋ (ಇಂಚಿನ ನೂರರಲ್ಲೊಂದು) ಮಿಲಿಮೀಟರಲ್ಲೋ, ಇಷ್ಟನ್ನು ಅವರೇ ಬದಲಿಸುವ ಹಾಗಿರಬೇಕು. ಮಾಡ್ಯೂಲ್ ಪ್ಯಾರಾಮೀಟರ್ (ಡ್ರೈವರ್ ಲೋಡ್ ಆಗುವಾಗ ಕೊಡುವ ಬೆಲೆ), ಸಿಸ್‌ಎಫ್‌ಎಸ್ (ಫೈಲಿನ ಹಾಗೆ ಕಾಣುವ ಡ್ರೈವರ್ ಸೆಟ್ಟಿಂಗ್), ಐಓಸಿಟಿಎಲ್ (ಪ್ರೋಗ್ರಾಂ ನೇರವಾಗಿ ಡ್ರೈವರ್‌ಗೆ ಕೊಡುವ ಆದೇಶ), ಯಾವುದು ವಾಸಿ?

ಗೋಣಿಕೊಪ್ಪ ಪ್ಲಾಂಟರ್: ಮಾಡ್ಯೂಲ್ ಪ್ಯಾರಾಮೀಟರ್ ಹೆಸರೆತ್ತಬೇಡಿ. ನಮಗೊಬ್ಬರು ದುಡ್ಡು ತೆಗೆದುಕೊಂಡು ಡ್ರೈವರ್ ಬರೆದುಕೊಟ್ಟರು. ಎಲ್ಲ ಸೆಟ್ಟಿಂಗೂ ಮಾಡ್ಯೂಲ್ ಲೋಡ್ ಮಾಡುವ ಮಾಡ್‌ಪ್ರೋಬ್‌ನ ಫೈಲಲ್ಲಿ. ಅಳತೆ 0.20 ಮಿಮೀ, ಫೈಲಲ್ಲಿ 20 ಅಂತ ಹಾಕಬೇಕಿತ್ತು. ನಮ್ಮ ರೈಟರ್‌ಗೆ ಮಳೆ ಪುಸ್ತಕ ಬರೆದು ರೂಢಿ, 020 ಅಂತ ಹಾಕಿದರು. ಮುಂದೆ ಸೊನ್ನೆ ಇದ್ದರೆ ಕರ್ನಲ್ ಅದನ್ನು ಆಕ್ಟಲ್ (ಎಂಟರ ಲೆಕ್ಕದ ಸಂಖ್ಯೆ) ಅಂತ ಓದುತ್ತದೆ. 020 ಅಂದರೆ ಅದಕ್ಕೆ 16! ಎರರ್ ಇಲ್ಲ, ಏನೂ ಇಲ್ಲ. ಜೂನ್ ಪೂರ್ತಿ ಮಳೆ ಐದರಲ್ಲಿ ಒಂದು ಪಾಲು ಕಡಿಮೆ ತೋರಿಸಿತು. ಆಮೇಲೆ ಪ್ಯಾರಾಮೀಟರ್ ಹೆಸರಲ್ಲಿ ಒಂದಕ್ಷರ ತಪ್ಪಿತು. ಆಗಲೂ ಮಾಡ್ಯೂಲ್ ಆರಾಮಾಗಿ ಲೋಡ್ ಆಯಿತು. ಕರ್ನಲ್ ಲಾಗಲ್ಲಿ 'ಇಗ್ನೋರ್ಡ್' ಅಂತ ಒಂದು ಸಾಲು ಬಿದ್ದಿತ್ತಂತೆ. ಅದನ್ನು ಯಾರು ನೋಡ್ತಾರೆ? ಖರ್ಚು ಕೇಳಿ: ಡ್ರೈವರ್‌ಗೆ 18,000, ಪೈ ಮತ್ತು ಬಾಕ್ಸ್ 9,400, ಸೋಲಾರ್ ಬ್ಯಾಟರಿ 6,200, ಸುಟ್ಟ ಎಸ್‌ಡಿ ಕಾರ್ಡ್ 650, ಅದರ ಬದಲಿಗೆ 900. ಬರೆದುಕೊಟ್ಟವರನ್ನು ಕರೆಸಲು ಕಾರ್ ಬಾಡಿಗೆ 4,500. ಮೇಲಿಂದ ಪಂದಿಕರಿ, ಕಡಂಬುಟ್ಟು ಊಟ. ಊಟ ಮುಗಿಸಿ ಆ ಪುಣ್ಯಾತ್ಮ ಮಾಡಿದ ಕೆಲಸ ಒಂದು ಸೊನ್ನೆ ಅಳಿಸಿದ್ದು.

ಮಡಿಕೇರಿ ಕೋಟೆ: ಅದು ಪ್ಯಾರಾಮೀಟರ್ ತಪ್ಪಲ್ಲ, ಬರೆದವರ ತಪ್ಪು. ನನ್ನದು ಸಿಸ್‌ಎಫ್‌ಎಸ್. ಒಂದು ಫೈಲಿಗೆ ಒಂದೇ ಬೆಲೆ, ಅದು ಕರ್ನಲ್‌ನವರೇ ಹಾಕಿದ ನಿಯಮ. ಅಂಕಿ ಓದುವ ಕಡೆ ಬೇಸ್ 0 (ಮುಂದಿನ ಸೊನ್ನೆ ನೋಡಿ ತಾನೇ ಊಹಿಸು ಅಂತ) ಬದಲು 10 ಕೊಟ್ಟಿದ್ದೇನೆ, 0200 ಬರೆದರೂ 200 ಅಂತಲೇ ಓದುತ್ತದೆ. ಅಳತೆ ಮೈಕ್ರೋಮೀಟರಲ್ಲಿ. ಕರ್ನಲ್ ಒಳಗೆ ದಶಮಾಂಶದ ಸಹವಾಸ ಬೇಡ. 100ಕ್ಕಿಂತ ಕಡಿಮೆ ಅಥವಾ 1000ಕ್ಕಿಂತ ಜಾಸ್ತಿ ಹಾಕಿದರೆ ಅಲ್ಲೇ ಎರರ್, ಹಳೆಯ ಬೆಲೆ ಹಾಗೇ ಉಳಿಯುತ್ತದೆ. ಸುಮ್ನೆ ಹೊಸ ಡ್ರೈವರ್ ಬರೆಯೋ ಮೊದಲು ಕೌಂಟರ್ ಸಬ್‌ಸಿಸ್ಟಮ್ ನೋಡಿದ್ದೀರಾ? ಪಲ್ಸ್ ಎಣಿಸೋಕೆ ಅಲ್ಲಿ ರೆಡಿ ಡ್ರೈವರೇ ಇದೆ.

ನಾಪೋಕ್ಲು ಬಾಣೆ: ಎಲ್ಲ ಸರಿ ಸಾರ್, ಕರೆಂಟ್ ಹೋಗಿ ಬಂದ ಮೇಲೆ ಆ ಫೈಲಲ್ಲಿ ಏನಿರುತ್ತೆ? ಡೀಫಾಲ್ಟ್! ಜುಲೈಯಲ್ಲಿ ಮರ ಬಿದ್ದು ಲೈನ್ ಹೋದರೆ ವಾರಗಟ್ಟಲೆ ಕರೆಂಟ್ ಇಲ್ಲ. ನಾನು ಸೆಟ್ಟಿಂಗನ್ನು ಡಿವೈಸ್ ಟ್ರೀ ಓವರ್‌ಲೇಗೆ (ಬೂಟ್ ಆಗುವಾಗ ಕರ್ನಲ್‌ಗೆ ಯಂತ್ರದ ವಿವರ ಕೊಡುವ ಫೈಲ್) ಹಾಕಿ, ಬೂಟ್ ಪಾರ್ಟಿಷನ್‌ನ ಕಾನ್ಫಿಗ್ ಫೈಲಲ್ಲಿ ಒಂದು ಸಾಲು ಇಟ್ಟಿದ್ದೇನೆ. ಆ ಪಾರ್ಟಿಷನ್ ಎಫ್‌ಎಟಿ, ಕಾರ್ಡ್ ತೆಗೆದು ವಿಂಡೋಸ್ ಲ್ಯಾಪ್‌ಟಾಪ್‌ಗೆ ಹಾಕಿದರೆ ನೋಟ್‌ಪ್ಯಾಡಲ್ಲೇ ತಿದ್ದಬಹುದು. ನಮ್ಮ ರೈಟರ್ ಮಗಳು ಪಿಯುಸಿ, ಅವಳೇ ತಿದ್ದುತ್ತಾಳೆ.

ಮಡಿಕೇರಿ ಕೋಟೆ: ಯುಡೆವ್ ರೂಲ್ ಅಂತ ಒಂದಿದೆ, ಕೇಳಿದ್ದೀರಾ? ಡಿವೈಸ್ ಬಂದ ಕೂಡಲೇ ಸಿಸ್‌ಎಫ್‌ಎಸ್ ಬೆಲೆ ತಾನೇ ಬರೆಯುತ್ತದೆ. ಒಂದೇ ಸಾಲು. ಕಾರ್ಡ್ ತೆಗೆದು ಹಾಕಿ ತೆಗೆದು ಹಾಕಿ ನಿಮ್ಮ ಸ್ಲಾಟ್ ಎಷ್ಟು ದಿನ ಬರುತ್ತೋ ನೋಡೋಣ.

ನಾಪೋಕ್ಲು ಬಾಣೆ: ಆ ಸಾಲನ್ನು ತಿದ್ದೋದು ಯಾರು, ರೈಟರಾ? ಸುಂಟಿಕೊಪ್ಪದವರು ಕೇಳಿದ್ದು ರೈಟರೇ ಸೆಟ್ಟಿಂಗ್ ಬದಲಿಸುವ ಹಾಗಿರಬೇಕು ಅಂತ. ನಿಮ್ಮ ಜಾಣತನ ತೋರಿಸಿ ಅಂತಲ್ಲ.

ವಿರಾಜಪೇಟೆ ಬೆಟ್ಟ: ನೀವು ಜಗಳ ಆಡ್ತಾ ಇರಿ, ಐಓಸಿಟಿಎಲ್ ಕಷ್ಟ ಕಂಡವನು ನಾನು. ಡ್ರೈವರ್‌ಗೆ ಕಳಿಸುವ ಸ್ಟ್ರಕ್ಟ್ (ಬೆಲೆಗಳ ಕಟ್ಟು) ಒಳಗೆ ಲಾಂಗ್ ಅನ್ನೋ ಬಗೆಯ ಅಂಕಿ ಇತ್ತು. ಪೈ ಅಪ್‌ಡೇಟ್ ಆದ ಮೇಲೆ ಕರ್ನಲ್ 64 ಬಿಟ್, ಮೇಲಿನ ಪ್ರೋಗ್ರಾಂ ಇನ್ನೂ 32 ಬಿಟ್. ಲಾಂಗ್ ಒಂದು ಕಡೆ 8 ಬೈಟ್, ಇನ್ನೊಂದು ಕಡೆ 4. ಐಓಸಿಟಿಎಲ್ ನಂಬರ್ ಒಳಗೇ ಸ್ಟ್ರಕ್ಟ್ ಗಾತ್ರ ಸೇರಿರುತ್ತೆ, ಹಾಗಾಗಿ ನಂಬರೇ ಬದಲಾಯಿತು. 'ಇನ್‌ಅಪ್ರೋಪ್ರಿಯೇಟ್ ಐಓಸಿಟಿಎಲ್ ಫಾರ್ ಡಿವೈಸ್' ಅಂತ ಹೇಳಿ ಕೂತಿತು. ನಾನು ವೈರ್ ಬದಲಿಸಿದೆ, ರೀಡ್ ಸ್ವಿಚ್ (ಬಕೆಟ್ ವಾಲಿದಾಗ ಅಯಸ್ಕಾಂತದಿಂದ ಮುಚ್ಚುವ ಸ್ವಿಚ್) ಬದಲಿಸಿದೆ, ಬಾಕ್ಸನ್ನೇ ಬದಲಿಸಿದೆ, 3,800 ಹೋಯಿತು. ಕಾಫಿ ಕುಯ್ಲಿಗೆ ಇಟ್ಟಿದ್ದ ದುಡ್ಡು ಅದು. ಈಗ ಎಲ್ಲ ಕಡೆ ಯು32 (ಎಲ್ಲಿದ್ದರೂ 4 ಬೈಟ್). ಚೆನ್ನಾಗಿ ನಡೀತಿದೆ, ಐಓಸಿಟಿಎಲ್ ಬಿಡಲ್ಲ.

ಸುಂಟಿಕೊಪ್ಪ ತೋಟ: ಎಲ್ಲರಿಗೂ ಥ್ಯಾಂಕ್ಸ್. ಡಿಬೌನ್ಸ್ ರೈಟರ್‌ಗೆ ತೋರಿಸಲೋ ಬೇಡವೋ, ಅದೊಂದು ಹೇಳಿ.

ಕುಶಾಲನಗರ ರಿಪೇರಿ: ಬೇಡ. ಗಂಟೆಗೆ 4 ಇಂಚು ಸುರಿದರೂ 0.2 ಮಿಮೀ ಬಕೆಟ್ ವಾಲೋದು 7 ಸೆಕೆಂಡಿಗೊಂದು ಸಲ. ರೀಡ್ ಸ್ವಿಚ್ ನಡುಗೋದು ಕೆಲವೇ ಮಿಲಿಸೆಕೆಂಡ್. 100 ಮಿಲಿಸೆಕೆಂಡ್ ಅಂತ ಕೋಡಲ್ಲೇ ಬರೆದು ಮರೆತುಬಿಡಿ. ರೈಟರ್‌ಗೆ ಒಂದೇ ಆಯ್ಕೆ ಸಾಕು, ಬಕೆಟ್ 0.2 ಮಿಮೀದೋ 0.254ರದೋ. ಅದಕ್ಕೂ ಫೈಲ್ ಬೇಡ. ಬಾಕ್ಸ್ ಮೇಲೆ 40 ರೂಪಾಯಿಯ ಡಿಪ್ ಸ್ವಿಚ್ (ಬೆರಳಲ್ಲಿ ಸರಿಸುವ ಪುಟ್ಟ ಸ್ವಿಚ್) ಇಟ್ಟು, ಡ್ರೈವರ್ ಶುರುವಾಗುವಾಗ ಓದಿಕೊಂಡರೆ ಆಯಿತು. ಕರೆಂಟ್ ಹೋದರೂ ಸ್ವಿಚ್ ಇದ್ದಲ್ಲೇ ಇರುತ್ತೆ.

ವಿರಾಜಪೇಟೆ ಬೆಟ್ಟ: ಡಿಪ್ ಸ್ವಿಚ್ಚಾ! ನಮ್ಮ ಕಡೆ ಬಂದು ನೋಡಿ. ಒಂದು ಮಳೆಗಾಲಕ್ಕೆ ಪಾಚಿ ಹಿಡಿದು, ಒಳಗೆ ಇರುವೆ ಗೂಡು ಕಟ್ಟಿರುತ್ತೆ.

ಕುಶಾಲನಗರ ರಿಪೇರಿ: ರಬ್ಬರ್ ಮುಚ್ಚಳ ಹಾಕಿ. ಅದಕ್ಕೂ ಒಂದು ಸ್ಟ್ರಕ್ಟ್ ಬೇಕಾ?

ಸೋಮವಾರಪೇಟೆ ಹಳಬ: ಇಷ್ಟೊತ್ತಾದರೂ ಯಾರೂ ಸೆಂಟ್ ವಿಷಯಕ್ಕೆ ಉತ್ತರ ಕೊಡಲಿಲ್ಲ. ಕೊಡಗಲ್ಲಿ ಮಳೆ ಅಂದರೆ ಇಂಚು, ಸೆಂಟ್. ಇಂಚಿಗೆ 100 ಸೆಂಟ್. 0.254 ಮಿಮೀ ಬಕೆಟ್ ತಂದರೆ ಒಂದು ಸಲ ವಾಲಿದ್ದು ಒಂದು ಸೆಂಟ್, ಲೆಕ್ಕವೇ ಬೇಡ. ನಮ್ಮಲ್ಲಿ 0.2ರ ಬಕೆಟ್ ಇಟ್ಟುಕೊಂಡು ಸೆಟ್ಟಿಂಗ್ 0.254 ಹಾಕಿದ್ದರು, 100ಕ್ಕೆ 127 ತೋರಿಸುತ್ತಿತ್ತು. ಹೂಮಳೆ (ಕಾಫಿ ಹೂವು ಅರಳಿಸುವ ಮಳೆ) ಸಾಕಷ್ಟು ಬಂತು ಅಂತ ನಂಬಿ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ನಿಲ್ಲಿಸಿದರು. ಹೂವು ಅರ್ಧಂಬರ್ಧ ಅರಳಿತು. ಆ ವರ್ಷದ ಫಸಲಿನ ಕಥೆ ಕೇಳಬೇಡಿ.

ಮಡಿಕೇರಿ ಕೋಟೆ: ಕರ್ನಲ್ ಒಳಗೆ ಸೆಂಟ್ ತರಬೇಡಿ ಮಾರಾಯ್ರೇ. ಡ್ರೈವರ್ ಬರೀ ಎಣಿಕೆ ಕೊಡಲಿ, ಸೆಂಟೋ ಮಿಮೀಯೋ ತೋರಿಸುವ ಪ್ರೋಗ್ರಾಂ ನೋಡಿಕೊಳ್ಳಲಿ. ಇನ್ನು 4 ಇಂಚಿನ ಲೆಕ್ಕ ಹೇಳೋಕೆ ಕುಶಾಲನಗರದವರೇ ಬೇಕಿತ್ತಾ? ಅಲ್ಲಿ ಮಳೆ ಎಲ್ಲಿ ಬರುತ್ತೆ?

ಕುಶಾಲನಗರ ರಿಪೇರಿ: ಮಳೆ ಬರಲ್ಲ ಸಾರ್, ಆದರೆ ಮಳೇಲಿ ಹಾಳಾದ ನಿಮ್ಮೂರಿನ ಪೈಗಳೆಲ್ಲ ರಿಪೇರಿಗೆ ನನ್ನ ಹತ್ರಾನೇ ಬರುತ್ತವೆ. ಮೊನ್ನೆ ಬಂದದ್ದರಲ್ಲಿ ಯುಡೆವ್ ರೂಲ್ ಇತ್ತು, ಆ ಸಾಲಲ್ಲೊಂದು ಕೋಟ್ ಮಾರ್ಕ್ ಬಿಟ್ಟುಹೋಗಿತ್ತು. ಯಾರದ್ದು ಅಂತ ಹೇಳಲಾ?