ಎರಡು ವರ್ಷದ ಕುದುರೆ ಮರಿಗಳ 1200 ಮೀಟರ್ ಓಟ: ನನ್ನ ಶೀಟ್ ಪ್ರತಿ ಸಲ ತಲೆಕೆಳಗು, ಯಾರಾದರೂ ನೋಡಿ

ಎಕ್ಸೆಲ್_ಗೌಡ
ಸಾಕಾಗಿದೆ. ಬೆಂಗಳೂರು ರೇಸಿನಲ್ಲಿ ಯಾವ ಕುದುರೆ ಮುಂದೆ ಬರುತ್ತೆ ಅಂತ ಲೆಕ್ಕ ಹಾಕಲು ಮೂರು ವರ್ಷದಿಂದ ಒಂದು ಎಕ್ಸೆಲ್ ಶೀಟ್ ಮಾಡಿಕೊಂಡು ಬಂದಿದ್ದೇನೆ. ದೊಡ್ಡ ಕುದುರೆಗಳ ಓಟದಲ್ಲಿ ಪರವಾಗಿಲ್ಲ, ಮೊದಲ ಮೂರರಲ್ಲಿ ಎರಡಾದರೂ ಸಿಗುತ್ತವೆ. ವಿಂಟರ್ ಸೀಸನ್‌ನಲ್ಲಿ ಮರಿಗಳ ಓಟ ಬಂತೋ, ಮುಗೀತು. ಶೀಟ್ ನಂಬರ್ ಒನ್ ಅಂದದ್ದು ಕೊನೆಯಿಂದ ಎರಡನೆಯದಾಗಿ ಬರುತ್ತದೆ. ನಾಲ್ಕು ವಾರ ಹೀಗೇ. ಫಾರ್ಮುಲಾ ಸರಿ ಇದೆ, ಹತ್ತು ಸಲ ನೋಡಿದ್ದೇನೆ. ಕುದುರೆ ಹೊರುವ ತೂಕಕ್ಕೆ ಎಷ್ಟು ಕಳೆಯಬೇಕು, ಅಷ್ಟು ಹೇಳಿ ಸಾಕು.

ಹಾಫ್_ಲೆಂಥ್
ಯಾವ ತೂಕ ಮಾರಾಯ? ಮರಿಗಳದ್ದು ಟರ್ಮ್ಸ್ ಓಟ, ಅಂದರೆ ತೂಕ ಮೊದಲೇ ನಿಗದಿ. ಇನ್ನೂ ರೇಟಿಂಗೇ ಬಿದ್ದಿರುವುದಿಲ್ಲ, ರೇಟಿಂಗ್ ನೋಡಿ ತೂಕ ಹಂಚುವ ಹ್ಯಾಂಡಿಕ್ಯಾಪರ್ ಏನು ಹೊರಿಸುತ್ತಾನೆ? ಗಂಡಿಗೆ 56 ಕೆಜಿ, ಹೆಣ್ಣಿಗೆ 54.5. 1200 ಮೀಟರ್ ಅಂದರೆ 6 ಫರ್ಲಾಂಗ್ ಹತ್ತಿರ. ಇಷ್ಟು ಚಿಕ್ಕ ಓಟದಲ್ಲಿ 3 ಪೌಂಡಿಗೆ ಒಂದು ಲೆಂಥ್ (ಒಂದು ಕುದುರೆಯ ಉದ್ದ) ಅನ್ನುವುದು ಹಳೆಯ ಲೆಕ್ಕ. ಆ ಒಂದೂವರೆ ಕೆಜಿಗೆ ಒಂದು ಲೆಂಥ್ ಕೊಡು, ಮುಗೀತು. ಇಷ್ಟಕ್ಕೆ ಕುದುರೆ ಕೊನೆಯಿಂದ ಎರಡನೆಯದಾಗಿ ಬರುವುದಿಲ್ಲ.

ಬೆಳಗಿನ_ಬೈನಾಕ್ಯುಲರ್
ಶೀಟಿಗೆ ಏನೇನು ಹಾಕಿದ್ದೀರಿ? ಬೆಳಗಿನ ಅಭ್ಯಾಸದ ಟೈಮಿಂಗ್ ಇದ್ದರೆ ಅದು ಯಾವ ಮರಳು ಟ್ರ್ಯಾಕಿನದು, ಇನ್ನರ್ ಸ್ಯಾಂಡಾ, ಔಟರ್ ಸ್ಯಾಂಡಾ?

ಕುಣಿಗಲ್_ಕಡೆಯವ
ಇದಕ್ಕೆ ಒಂದೇ ಕಾರಣ. ಹುಟ್ಟಿದ ತಿಂಗಳು. ನಮ್ಮಲ್ಲಿ ಎಲ್ಲಾ ಕುದುರೆಗೂ ಜನವರಿ 1ಕ್ಕೆ ಒಂದು ವರ್ಷ ಏರುತ್ತದೆ. ಜನವರಿಯಲ್ಲಿ ಹುಟ್ಟಿದ್ದೂ 2, ಮೇ ತಿಂಗಳಲ್ಲಿ ಹುಟ್ಟಿದ್ದೂ 2. ಡಿಸೆಂಬರ್ ಓಟದ ಹೊತ್ತಿಗೆ ಒಂದಕ್ಕೆ 35 ತಿಂಗಳು, ಇನ್ನೊಂದಕ್ಕೆ 31. ಅಂಗನವಾಡಿ ಮಗುವನ್ನು ಒಂದನೇ ಕ್ಲಾಸಿನವನ ಜೊತೆ ಓಡಿಸಿದ ಹಾಗೆ. ಇಂಗ್ಲೆಂಡಿನ ಅಡ್ಮಿರಲ್ ರೌಸ್ 19ನೇ ಶತಮಾನದಲ್ಲೇ ವಯಸ್ಸಿಗೆ ತಕ್ಕ ತೂಕದ ಪಟ್ಟಿ ಮಾಡಿಟ್ಟಿದ್ದಾನೆ. ಅದನ್ನು ಶೀಟಿಗೆ ಸೇರಿಸಿ.

ಹಾಫ್_ಲೆಂಥ್
ರೌಸ್ ಪಟ್ಟಿ ಇರುವುದು ಎರಡು ವರ್ಷದ್ದು ಮೂರು ವರ್ಷದ್ದರ ಜೊತೆ ಓಡಿದಾಗ. ಇಲ್ಲಿ ಎಲ್ಲವೂ ಒಂದೇ ಬೆಂಚಿನ ಮಕ್ಕಳು. ಎಲ್ಲದಕ್ಕೂ ಒಂದೇ ಅಂಕಿ ಕಳೆದು ಏನು ಸಿಗುತ್ತದೆ?

ಕುಣಿಗಲ್_ಕಡೆಯವ
ಆ ಪಟ್ಟಿಯಲ್ಲಿ ತಿಂಗಳಿಗೆ ತಿಂಗಳು ಪೌಂಡ್ ಇಳಿಯುತ್ತಾ ಹೋಗುತ್ತದೆ. ಅದೇ ಲೆಕ್ಕವನ್ನು ಹುಟ್ಟಿದ ತಿಂಗಳಿಗೆ ಹಾಕಿ ಅಂದೆ. ಓದಿ ಮಾತಾಡಿ.

ಸಿಡ್ನಿ_ಸೀನ
ಕುದುರೆಗೆ ವರ್ಷ ಏರುವುದು ನಮ್ಮಲ್ಲಿ ಆಗಸ್ಟ್ 1ಕ್ಕೆ. ದಕ್ಷಿಣ ಗೋಳಾರ್ಧ ಅಲ್ವಾ. ಮರಿಗಳ ಓಟ ನೋಡಬೇಕು ಅಂದರೆ ಸಿಡ್ನಿಯ ರೋಸ್‌ಹಿಲ್‌ಗೆ ಬನ್ನಿ. ಗೋಲ್ಡನ್ ಸ್ಲಿಪ್ಪರ್, ಇದೇ 1200 ಮೀಟರ್. 1957ರಲ್ಲಿ ಶುರು, ಮೊದಲ ಸಲ ಟಾಡ್‌ಮನ್ ಗೆದ್ದದ್ದು. ನಾನು ಮೂರು ಮಾನಿಟರ್ ಇಟ್ಟುಕೊಂಡಿದ್ದೇನೆ. ಒಂದರಲ್ಲಿ ಸೆಕ್ಷನಲ್ ಟೈಮ್ (ಓಟದ ಒಂದೊಂದು ಭಾಗದ ಟೈಮ್), ಒಂದರಲ್ಲಿ ಟ್ರಯಲ್ ವಿಡಿಯೊ, ಇನ್ನೊಂದರಲ್ಲಿ ಬೆಟ್ಟಿಂಗ್ ರೇಟು. ಫೋಟೊ ಹಾಕುತ್ತೇನೆ ತಾಳಿ.

ಬೆಳಗಿನ_ಬೈನಾಕ್ಯುಲರ್
ಸೀನ, ಫೋಟೊ ಬೇಡ. ಗೌಡ್ರೇ, ಇನ್ನರ್ರಾ ಔಟರ್ರಾ?

ಸುಮ್ನೆ_ಬಂದೆ
ಏನೇ ಲೆಕ್ಕ ಹಾಕಿದರೂ ಜೂಜು ಜೂಜೇ ಸ್ವಾಮಿ.

ಹಾಫ್_ಲೆಂಥ್
1996ರಲ್ಲೇ ಸುಪ್ರೀಂ ಕೋರ್ಟ್ ಇದು ಕೌಶಲದ ಆಟ ಅಂದಿದೆ. ನಮ್ಮ ಗೌಡರ ಕೌಶಲ ಮಾತ್ರ ಕೋರ್ಟ್ ನೋಡಿಲ್ಲ.

ಎಕ್ಸೆಲ್_ಗೌಡ
ನಗಿ, ನಗಿ. ಶೀಟ್ ಇಷ್ಟೇ: ಹಿಂದಿನ ಓಟದ ಕೊನೆಯ 600 ಮೀಟರ್ ಟೈಮಿಗೆ 0.6, ಬೆಳಗಿನ 600 ಮೀಟರ್ ಟೈಮಿಗೆ 0.4, ಎರಡನ್ನೂ ಕೂಡಿಸುವುದು. ಕಡಿಮೆ ಬಂದದ್ದು ಮೇಲೆ. ಅಂಕದ ಕಾಲಂ ಹೈಡ್ ಮಾಡಿಟ್ಟಿದ್ದೇನೆ, ರ‍್ಯಾಂಕ್ ಮಾತ್ರ ನೋಡುವುದು. ಅಂದ ಹಾಗೆ, ಹೋದ ವಾರದ ಹತ್ತು ಮರಿಗಳಲ್ಲಿ ಆರು ಮೊದಲ ಸಲ ಓಡುತ್ತಿದ್ದವು. ಅದು ಮುಖ್ಯ ಅಲ್ಲ ಅನ್ಸುತ್ತೆ.

ಹಾಫ್_ಲೆಂಥ್
ಮುಖ್ಯ ಅಲ್ವಾ?! ಮೊದಲ ಸಲ ಓಡುವ ಮರಿಗೆ ಹಿಂದಿನ ಓಟದ ಟೈಮ್ ಎಲ್ಲಿಂದ ತಂದಿರಿ?

ಎಕ್ಸೆಲ್_ಗೌಡ
ತಂದಿಲ್ಲ. ಖಾಲಿ ಬಿಟ್ಟಿದ್ದೇನೆ.

ಹಾಫ್_ಲೆಂಥ್
ಹೈಡ್ ತೆಗೆದು ನಂಬರ್ ಒನ್ ಕುದುರೆಯ ಅಂಕ ಓದಿ.

ಎಕ್ಸೆಲ್_ಗೌಡ
15.4

ಎಕ್ಸೆಲ್_ಗೌಡ
ಓಡಿದ ಅನುಭವ ಇರುವ ನಾಲ್ಕಕ್ಕೂ 37, 38ರ ಆಸುಪಾಸು. ಅಯ್ಯೋ.

ಹಾಫ್_ಲೆಂಥ್
ಖಾಲಿ ಸೆಲ್ ಗುಣಿಸಿದರೆ ಎಕ್ಸೆಲ್ ಅದನ್ನು ಸೊನ್ನೆ ಅಂತ ಓದುತ್ತದೆ. ನಿಮ್ಮ ಮರಿ 600 ಮೀಟರನ್ನು ಸೊನ್ನೆ ಸೆಕೆಂಡಿನಲ್ಲಿ ಮುಗಿಸಿದೆ. ಉಳಿದದ್ದು ಬೆಳಗಿನ 38.5ಕ್ಕೆ 0.4, ಅದೇ 15.4. ಹೊಸ ಮರಿ ಎಷ್ಟಿದ್ದರೂ ಎಲ್ಲಾ ಮೇಲೆ, ಓಡಿ ಪಳಗಿದ್ದು ಕೆಳಗೆ. ದೊಡ್ಡ ಕುದುರೆಗಳಲ್ಲಿ ಖಾಲಿ ಸೆಲ್ಲೇ ಇಲ್ಲ, ಅದಕ್ಕೇ ಮೂರು ವರ್ಷ ಗೊತ್ತಾಗಿಲ್ಲ.

ಕುಣಿಗಲ್_ಕಡೆಯವ
ಅದು ಸರಿ. ಆದರೆ ಆ ಮರಿ ಹುಟ್ಟಿದ್ದು ಯಾವ ತಿಂಗಳು?

ಎಕ್ಸೆಲ್_ಗೌಡ
ಏಪ್ರಿಲ್.

ಕುಣಿಗಲ್_ಕಡೆಯವ
ನಾನು ಹೇಳಲಿಲ್ವಾ!

ಎಕ್ಸೆಲ್_ಗೌಡ
ಖಾಲಿ ಇದ್ದರೆ ಬೆಳಗಿನ ಟೈಮ್ ಮಾತ್ರ ತೆಗೆದುಕೋ ಅಂತ ಫಾರ್ಮುಲಾ ತಿದ್ದಿದೆ. ಈಗ ಹೊಸ ಆರೂ 38.5ರಿಂದ 40ರ ಒಳಗೆ ಗುಂಪಾಗಿ ನಿಂತಿವೆ. ಯಾವುದನ್ನು ಹಿಡಿಯಲಿ?

ಬೆಳಗಿನ_ಬೈನಾಕ್ಯುಲರ್
ಮರಿಗಳಲ್ಲಿ ಶೀಟ್ ಅಲ್ಲಿಗೇ ನಿಲ್ಲುತ್ತದೆ. ಗೇಟ್ ಪ್ರಾಕ್ಟೀಸ್, ಅಂದರೆ ಓಟ ಶುರುವಾಗುವ ಗೇಟಿನಿಂದ ಹೊರಡುವ ಅಭ್ಯಾಸ ನೋಡಿ. ಪತ್ರಿಕೆಯ ಟ್ರ್ಯಾಕ್ ನೋಟ್ಸ್‌ನಲ್ಲಿ ಅದನ್ನು ಬೇರೆಯಾಗಿಯೇ ಹಾಕುತ್ತಾರೆ. 1200ರಲ್ಲಿ ಗೇಟಿನಲ್ಲೇ ಮೂರು ಲೆಂಥ್ ಕಳೆದುಕೊಂಡರೆ ಮರಿ ಅದನ್ನು ಮತ್ತೆ ತುಂಬಿಕೊಳ್ಳುವುದಿಲ್ಲ.

ಮೊನ್ನೆ ಒಂದು ಹೆಣ್ಣು ಮರಿ, ಕಂದು ಬಣ್ಣದ್ದು. ಮೊದಲ ಸಲ ಗೇಟಿಗೆ ಬಿಟ್ಟಾಗ ಮುಂದಿನ ಎರಡು ಕಾಲು ನೆಲಕ್ಕೆ ಊರಿ ನಿಂತುಬಿಟ್ಟಿತು. ಇಬ್ಬರು ಹಿಂದಿನಿಂದ ಕೈ ಕೈ ಹಿಡಿದು ತಳ್ಳಿದರು. ಬಾಗಿಲು ತೆರೆದಾಗ ಓಡುವ ಬದಲು ಪಕ್ಕದ ಕುದುರೆಯನ್ನು ನೋಡಿತು. ಎರಡನೇ ಸಲ ತಾನೇ ಒಳಗೆ ಹೋಯಿತು, ಕಿವಿ ಮುಂದಕ್ಕಿತ್ತು, ಬಾಗಿಲ ಜೊತೆಗೇ ಆಚೆ ಬಂತು. ಟೈಮ್ ಮಾಮೂಲಿ, 39ಕ್ಕೆ ಒಂದಿಷ್ಟು ಮೇಲೆ. ನಿಮ್ಮ ಶೀಟಿನಲ್ಲಿ ಅದು ನಾಲ್ಕನೆಯದೋ ಐದನೆಯದೋ ಇರುತ್ತದೆ. ನಾನು ಅದನ್ನು ಬರೆದಿಟ್ಟುಕೊಂಡೆ.

ಆಮೇಲೆ ಪ್ಯಾಡಕ್, ಓಟಕ್ಕೆ ಮುಂಚೆ ಕುದುರೆಗಳನ್ನು ನಡೆಸಿ ತೋರಿಸುವ ಜಾಗ. ಹಿಂಗಾಲುಗಳ ನಡುವೆ ಬೆವರು ಬಿಳಿ ನೊರೆಯಾಗಿದ್ದರೆ ನಾನು ಬಿಟ್ಟುಬಿಡುತ್ತೇನೆ. ಅದು ತನ್ನ ಓಟವನ್ನು ಅಲ್ಲೇ ಓಡಿ ಮುಗಿಸಿರುತ್ತದೆ.

ಹಾಫ್_ಲೆಂಥ್
ನೊರೆ ನೋಡಿ ನಾನೂ ಬಿಟ್ಟಿದ್ದೇನೆ, ನಾಲ್ಕು ಲೆಂಥ್‌ನಲ್ಲಿ ಗೆದ್ದು ಬಂತು. ಸೆಖೆ ಇದ್ದರೆ ಎಲ್ಲವೂ ಬೆವರುತ್ತವೆ.

ಬೆಳಗಿನ_ಬೈನಾಕ್ಯುಲರ್
ಒಂದು ಸಲ. ಮತ್ತೆ ಎಷ್ಟು ಸಲ ಸರಿ ಇತ್ತು?

ಸಿಡ್ನಿ_ಸೀನ
ನೋಡಿ, ಫೋಟೊ ಹಾಕಿದ್ದೇನೆ. ಎಡಗಡೆಯದು ಹೊಸ ಕರ್ವ್ಡ್ ಮಾನಿಟರ್.

ಮೈಸೂರು_ರೇಲ್ಸ್
ಮೈಸೂರಿನ 1100ಕ್ಕೂ ಈ ಶೀಟ್ ನಡೆಯುತ್ತಾ? ಲಿಂಕ್ ಕೊಡಿ ಗೌಡ್ರೇ.

ಎಕ್ಸೆಲ್_ಗೌಡ
ಈ ವಾರ ನೋಡಿಕೊಂಡು ಕೊಡುತ್ತೇನೆ. ಹೊಸ ಲೆಕ್ಕದಲ್ಲೂ ಅದೇ 38.5 ಮರಿ ಆರರಲ್ಲಿ ಮುಂದಿದೆ. ಮತ್ತೆ ಓಡುತ್ತಿದೆಯಂತೆ, ಹಿಡಿಯೋಣ ಅಂತ.

ಬೆಳಗಿನ_ಬೈನಾಕ್ಯುಲರ್
ಕೊನೆಯಿಂದ ಎರಡನೆಯದಾಗಿ ಬಂದದ್ದು ಅದೇ ಅಲ್ವಾ? ಈಗ ಅದಕ್ಕೆ ಹಿಂದಿನ ಓಟದ ಟೈಮ್ ಇದೆ, ಸೆಲ್ ತುಂಬಿ ಮೊದಲು. ಮತ್ತೆ ಆ 38.5 ಇನ್ನರ್ರಾ ಔಟರ್ರಾ, ನೀವು ಇನ್ನೂ ಹೇಳಿಲ್ಲ.