ಈಜುಕೊಳದ ಅಂಚಿಗೆ ‘ಕೋಡಿ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಅಕ್ಕ-ಭಾವ ಮೈಸೂರಿನ ಹೊರಗಿನ ತೋಟದ ಮನೆಯಲ್ಲಿ ಈಜುಕೊಳ ಕಟ್ಟಿಸುತ್ತಿದ್ದಾರೆ. ಅವರಿರುವುದು ದುಬೈನಲ್ಲಿ. ಹಾಗಾಗಿ ಮೇಸ್ತ್ರಿಯ ಜೊತೆ ಕರಾರು ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ಮೇಸ್ತ್ರಿಗೆ ಇಂಗ್ಲಿಷ್ ಬಾರದು, ಕನ್ನಡ ಚೆನ್ನಾಗಿ ಓದುತ್ತಾರೆ. ಪೂರಾ ಕನ್ನಡದಲ್ಲೇ ಬರೆದುಬಿಡೋಣ ಅಂತ ಹುಮ್ಮಸ್ಸಿನಲ್ಲಿ ಕೂತೆ.

‘ಓವರ್‌ಫ್ಲೋ ಎಡ್ಜ್’ ಬಂದ ಕಡೆ ಎಡವಿದೆ. ನೀರು ಅಂಚಿನವರೆಗೂ ತುಂಬಿ, ಅಂಚು ದಾಟಿ, ಪಕ್ಕದ ಸಣ್ಣ ಕಾಲುವೆಗೆ ಬೀಳುತ್ತದಲ್ಲ, ಆ ಅಂಚು. ಉಕ್ಕಿ ಹರಿಯುವ ಅಂಚು ಅಂದರೆ ‘ಉಕ್ಕಂಚು’ ಅಂತ ಬರೆದೆ. ಬರೆದಾಗ ಬಹಳ ಖುಷಿಯಾಗಿತ್ತು. ಮೇಸ್ತ್ರಿ ಎರಡು ಸಲ ಓದಿ, “ಅಂಚಿಗೆ ಸ್ಟೀಲ್ ಪಟ್ಟಿ ಹಾಕ್ಬೇಕಾ ಸಾರ್? ಹಂಗಾದ್ರೆ ರೇಟು ಬೇರೆ” ಅಂದರು.

ನಾನು ವಿವರಿಸಿದ ಮೇಲೆ ಇಟ್ಟಿಗೆ ಚೂರು ತಗೊಂಡು ಪಂಪ್‌ಮನೆ ಗೋಡೆಯ ಮೇಲೆ ಒಂದು ಡೊಂಕು ಚೌಕ ಗೀಚಿದರು. “ಇದಾ? ಇದು ಕೋಡಿ ಸಾರ್. ಕೆರೆಗೆ ಏನೇನಿರುತ್ತೆ? ಏರಿ, ತೂಬು, ಕೋಡಿ. ಏರಿ ಬದ್ಲು ಗೋಡೆ ಬಂತು. ಮಿಕ್ಕಿದ್ದೆಲ್ಲ ಅದೇಯ.”

ಕೋಡಿ ಅಂದ ಕೂಡಲೇ ನನ್ನ ಅರ್ಧ ಪುಟ ಒಂದು ಸಾಲಿಗೆ ಇಳಿಯಿತು. ಕೊಳ 24 ಅಡಿ ಉದ್ದ, 12 ಅಡಿ ಅಗಲ. ಸುತ್ತ 72 ಅಡಿ ಅಂಚೂ ಒಂದೇ ಮಟ್ಟದಲ್ಲಿರಬೇಕು. ಒಂದು ಮೂಲೆ ಕಾಲಂಗುಲ ತಗ್ಗಿದರೂ ನೀರೆಲ್ಲ ಅಲ್ಲಿಂದಲೇ ಓಡುತ್ತದೆ, ಉಳಿದ ಕಡೆ ಅಂಚು ಒಣಗಿಕೊಂಡು ನಿಲ್ಲುತ್ತದೆ. ‘ಕೋಡಿ ಮಟ್ಟ ಸುತ್ತ ಒಂದೇ ಇರಬೇಕು, ರಸಮಟ್ಟ ಇಟ್ಟು ತೋರಿಸಬೇಕು’ ಅಂತ ಬರೆದೆ. ಮೇಸ್ತ್ರಿ ಮರುಪ್ರಶ್ನೆ ಕೇಳಲಿಲ್ಲ.

ತಕರಾರು ಬಂದದ್ದು ಇಂಜಿನಿಯರ್ ಕಡೆಯಿಂದ. ಕೋಡಿ ಅಂದರೆ ಕೆರೆಗೆ ಜಾಸ್ತಿಯಾದ ನೀರು ಆಚೆ ಹೋಗುವ ದಾರಿ, ಇಲ್ಲಿ ಹಾಗಲ್ಲ ಅಂದರು. ಅಂಚು ದಾಟಿದ ನೀರು ಬ್ಯಾಲೆನ್ಸಿಂಗ್ ಟ್ಯಾಂಕಿಗೆ, ಅಂದರೆ ಆ ನೀರು ಕೂಡಿಕೊಳ್ಳುವ ತಗ್ಗಿನ ತೊಟ್ಟಿಗೆ ಹೋಗಿ, ಫಿಲ್ಟರ್ ಆಗಿ, ಮತ್ತೆ ಕೊಳಕ್ಕೇ ಬರುತ್ತದೆ. ಮಾತು ಸರಿಯೇ. ಆದರೆ ನಮ್ಮ ಕಡೆ ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆ ತುಂಬುತ್ತದೆ. ಕೋಡಿ ನೀರು ಹಾಳಾಗುವ ನೀರಲ್ಲ, ಮುಂದಿನ ಊರಿನ ನೀರು. ಹಾಗೆ ನೋಡಿದರೆ ಬ್ಯಾಲೆನ್ಸಿಂಗ್ ಟ್ಯಾಂಕ್ ಕೆಳಗಿನ ಕೆರೆಯೇ ಅಲ್ವಾ? ನೀರನ್ನು ವಾಪಸ್ ಮೇಲಕ್ಕೆ ಎತ್ತೋದಷ್ಟೇ ಹೊಸದು.

‘ತೂಬು’ ಬಗ್ಗೆ ಮಾತ್ರ ನನಗೇ ಪೂರ್ತಿ ಒಪ್ಪಿಗೆಯಿಲ್ಲ. ಕೆರೆಯ ತೂಬನ್ನು ನೀರುಗಂಟಿ ಬೇಕಾದಾಗ ಎತ್ತುತ್ತಾನೆ, ಬೇಡವಾದಾಗ ಮುಚ್ಚುತ್ತಾನೆ. ಕೊಳದ ತಳದ ಮೇನ್ ಡ್ರೈನ್ ಹಾಗಲ್ಲ, ಪಂಪ್ ಓಡುವಷ್ಟು ಹೊತ್ತೂ ನೀರು ಎಳೆಯುತ್ತಿರುತ್ತದೆ. ಒಂದೇ ಇದ್ದು ಅದರ ಮೇಲೆ ಮಗು ಕೂತುಬಿಟ್ಟರೆ ಎಳೆತಕ್ಕೆ ಅಂಟಿಕೊಳ್ಳುವ ಅಪಾಯ ಉಂಟು. ಅದಕ್ಕೇ ಎರಡು ಇಡುತ್ತಾರೆ, ಮೂರಡಿಯಾದರೂ ದೂರದಲ್ಲಿ. ಇಂಥ ಎಳೆಯುವ ಬಾಯಿಗೆ ತೂಬು ಅಂದರೆ ಹೊಂದುತ್ತದಾ? ಸದ್ಯಕ್ಕೆ ‘ಎರಡು ತಳತೂಬು, ಜಾಲರಿ ಸಮೇತ’ ಅಂತ ಬರೆದಿಟ್ಟಿದ್ದೇನೆ.

ಕುಂದಾಪುರದ ಗೆಳೆಯನಿಗೆ ಕೋಡಿ ಅಂದರೆ ಕೆರೆ ನೆನಪಾಗುವುದೇ ಇಲ್ಲ. ಅವನಿಗೆ ಅದು ಹೊಳೆ ಕಡಲು ಸೇರುವ ತುದಿ. ಕುಂದಾಪುರದ ಕೋಡಿ, ಕೋಡಿ ಬೆಂಗ್ರೆ ಎರಡೂ ಅಂಥ ಜಾಗಗಳೇ. ತುದಿಯಿಂದ ಅಂಚಿಗೆ ಬಂದ ಅರ್ಥವಾ, ಅಥವಾ ಎರಡೂ ಬೇರೆ ಬೇರೆ ಪದಗಳಾ? ಬಲ್ಲವರು ಹೇಳಬೇಕು.

ಇನ್ನೊಂದು ಪದ, ‘ಕ್ಯೂರಿಂಗ್’. ಹೊಸ ಕಾಂಕ್ರೀಟು ಗಟ್ಟಿಯಾಗಲಿ ಅಂತ ಕೆಲವು ದಿನ ಒದ್ದೆಯಾಗಿಡುವುದು. ನಾನು ‘ಕಾಂಕ್ರೀಟಿಗೆ ನೀರುಣಿಸುವಿಕೆ’ ಅಂತ ಬರೆದಿದ್ದೆ. ಮೇಸ್ತ್ರಿ ನಕ್ಕಿದ್ದು ನೋಡಿ ಹೊಡೆದುಹಾಕಿದೆ. ಅವರಲ್ಲಿ ಇದಕ್ಕೆ ಒಂದಲ್ಲ, ಎರಡು ಮಾತಿವೆ. ತಳಕ್ಕೆ ‘ಪಾತಿ ಕಟ್ಟೋದು’: ಮಣ್ಣಿನ ಸಣ್ಣ ಬದು ಹಾಕಿ, ಸೊಪ್ಪಿನ ಮಡಿಯ ಹಾಗೆ ನೀರು ನಿಲ್ಲಿಸುವುದು. ಗೋಡೆಗೆ ‘ನೀರು ಹೊಡೆಯೋದು’: ಗೋಣಿತಾಟು ಇಳಿಬಿಟ್ಟು, ಅದು ಒಣಗದ ಹಾಗೆ ದಿನಕ್ಕೆ ಮೂರ್ನಾಲ್ಕು ಸಲ ಪೈಪಿನಲ್ಲಿ ನೆನೆಸುವುದು. ಕರಾರಿಗೆ ಇದೇ ವಾಸಿ. ‘14 ದಿನ ಕ್ಯೂರಿಂಗ್’ ಅಂತ ಬರೆದರೆ ಗೋಡೆಗೆ ಸುಮ್ನೆ ಒಂದು ಬಕೆಟ್ ಎರಚಿಯೂ ಲೆಕ್ಕ ಒಪ್ಪಿಸಬಹುದು. ‘ತಳಕ್ಕೆ 14 ದಿನ ಪಾತಿ, ಗೋಡೆಗೆ 14 ದಿನ ಗೋಣಿತಾಟು’ ಅಂದರೆ ತಪ್ಪಿಸಿಕೊಳ್ಳಲು ದಾರಿಯಿಲ್ಲ.

ಸೆಂಟ್ರಿಂಗ್, ಕಂಬಿ, ಜಲ್ಲಿಗಳ ತಂಟೆಗೆ ನಾನು ಹೋಗಿಲ್ಲ. ಅವು ಆಗಲೇ ಕನ್ನಡದಲ್ಲೇ ಇವೆ.

ಈಗ ನನ್ನ ಪ್ರಶ್ನೆ. ಮನೆಯ ಸಂಪು, ತೊಟ್ಟಿ, ಟ್ಯಾಂಕ್ ತುಂಬಿ ಹರಿದರೂ ನಿಮ್ಮ ಕಡೆ ‘ಕೋಡಿ’ ಅನ್ನುತ್ತಾರಾ, ಅಥವಾ ಅದು ಕೆರೆಗಷ್ಟೇ ಮೀಸಲಾ? ಕಲಬುರಗಿ, ವಿಜಯಪುರದ ಕಡೆಯ ಗೌಂಡಿಗಳು ಏನನ್ನುತ್ತಾರೆ? ತಳದ ಬಾಯಿಗೆ ತೂಬಿಗಿಂತ ಒಳ್ಳೆಯ ಪದ ಇದ್ದರೆ ಅದನ್ನೂ ತಿಳಿಸಿ. ಗುಂಡಿ ತೋಡಿ ಆಗಿದೆ, ಗುರುವಾರ ಕರಾರಿಗೆ ಸಹಿ. ಅಷ್ಟರೊಳಗೆ ಬರೆದರೆ ಉಪಕಾರ.