ಗಾಲ್ಫ್ ಡ್ರೈವರ್ ಶಾಫ್ಟ್ ಕತ್ತರಿಸಲೋ ಬೇಡವೋ? ಕ್ಲಬ್ ಫಿಟ್ಟರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಬೆಂಗಳೂರು): ನಮಸ್ಕಾರ ಸರ್. ನನಗೆ 52 ವರ್ಷ, ಎತ್ತರ 5 ಅಡಿ 6 ಇಂಚು, ಹ್ಯಾಂಡಿಕ್ಯಾಪ್ (ಆಟದ ಮಟ್ಟದ ಅಂಕ, ಕಡಿಮೆ ಇದ್ದಷ್ಟೂ ಒಳ್ಳೆಯದು) 19. ಹೋದ ತಿಂಗಳು ಹೊಸ ಡ್ರೈವರ್ (ಅತಿ ದೂರ ಹೊಡೆಯಲು ಬಳಸುವ ಕ್ಲಬ್) ತಗೊಂಡೆ. ಉದ್ದ 45.75 ಇಂಚು ಅಂತ ಕಂಪನಿಯ ಪಟ್ಟಿಯಲ್ಲಿದೆ. ಹಳೆಯದು 44.5 ಇತ್ತು. ಅಂಗಡಿಯ ಸಿಮ್ಯುಲೇಟರ್‌ನಲ್ಲಿ ಒಂದೆರಡು ಚೆಂಡು ಭರ್ಜರಿಯಾಗಿ ಹೋದವು, ಅದನ್ನು ನೋಡಿಯೇ ಕೊಂಡುಬಿಟ್ಟೆ. ಕೋರ್ಸಿಗೆ ಬಂದ ಮೇಲೆ ಕಥೆಯೇ ಬೇರೆ. ಅರ್ಧಕ್ಕಿಂತ ಜಾಸ್ತಿ ಚೆಂಡು ಬಲಗಡೆಯ ಮರಗಳೊಳಗೆ. ಜೊತೆಗೆ ಆಡುವ ಒಬ್ಬರು "ಶಾಫ್ಟನ್ನು (ಕ್ಲಬ್ಬಿನ ಕೋಲನ್ನು) ಒಂದೂವರೆ ಇಂಚು ಕತ್ತರಿಸಿ ಬಿಸಾಕಿ" ಅಂತಾರೆ. ಇನ್ನೊಬ್ಬರು "ಸುಮ್ನಿರಿ, ಉದ್ದ ಇದ್ದಷ್ಟೂ ದೂರ, ನಾಲ್ಕು ದಿನದಲ್ಲಿ ಅಭ್ಯಾಸ ಆಗುತ್ತೆ" ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರ ಮಾತೂ ಬೇಡ ಸರ್. ಗರಗಸ ಹುಡುಕುವ ಮುಂಚೆ ಮಕ್ಕಳ ಪೆನ್ಸಿಲ್ ಡಬ್ಬಿಯಿಂದ ಒಂದು ವೈಟ್‌ಬೋರ್ಡ್ ಮಾರ್ಕರ್ ತಗೊಂಡು ರೇಂಜಿಗೆ (ಅಭ್ಯಾಸದ ಮೈದಾನಕ್ಕೆ) ಹೋಗಿ.

ಚೆಂಡಿನ ಮೇಲೆ ರೂಪಾಯಿ ನಾಣ್ಯದಷ್ಟು ಜಾಗಕ್ಕೆ ದಪ್ಪಗೆ ಬಣ್ಣ ಹಚ್ಚಿ. ಆ ಭಾಗ ಕ್ಲಬ್ಬಿನ ಕಡೆಗೆ ಇರುವಂತೆ ಟೀ (ಚೆಂಡು ಕೂರಿಸುವ ಸಣ್ಣ ಮೊಳೆ) ಮೇಲಿಟ್ಟು ಹೊಡೆಯಿರಿ. ಫೇಸಿನ (ಚೆಂಡಿಗೆ ತಾಗುವ ಮುಖದ) ಮೇಲೆ ಗುರುತು ಬೀಳುತ್ತದೆ. ಫೋಟೋ ತೆಗೆದುಕೊಳ್ಳಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಹೊಡೆಯಿರಿ. ಹತ್ತು ಚೆಂಡು ಗ್ರಿಪ್ಪಿನ ತುದಿಯಲ್ಲಿ ಹಿಡಿದು. ಆಮೇಲೆ ಹತ್ತು ಚೆಂಡು ಕೈಯನ್ನು ಒಂದು ಇಂಚು ಕೆಳಗೆ ಇಳಿಸಿ. ಚೆಂಡು ಎಲ್ಲಿ ಬಿತ್ತು ಅಂತ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಫೇಸಿನ ಮೇಲೆ ಗುರುತುಗಳು ಎಷ್ಟು ಚದುರಿವೆ, ಅಷ್ಟೇ ನೋಡಿ.

ಯಾಕೆ ಅಂದರೆ, ಉದ್ದದಿಂದ ಸಿಗುವ ಲಾಭ ಜನ ಅಂದುಕೊಂಡಷ್ಟು ದೊಡ್ಡದಲ್ಲ. ಒಂದು ಇಂಚು ಜಾಸ್ತಿ ಮಾಡಿದರೆ ಕ್ಲಬ್ಬಿನ ವೇಗ ಗಂಟೆಗೆ ಒಂದು ಮೈಲಿಯಷ್ಟು ಏರಬಹುದು. ಎಷ್ಟೋ ಜನರಿಗೆ ಅದೂ ಏರುವುದಿಲ್ಲ. ಚೆಂಡಿನ ವೇಗವನ್ನು ಕ್ಲಬ್ಬಿನ ವೇಗದಿಂದ ಭಾಗಿಸಿದರೆ ಬರುವುದು ಸ್ಮ್ಯಾಶ್ ಫ್ಯಾಕ್ಟರ್. ಡ್ರೈವರ್‌ನಲ್ಲಿ ಅದು ಹೆಚ್ಚೆಂದರೆ 1.5ರ ಹತ್ತಿರ ಬರುತ್ತದೆ, ಅದೂ ಮಧ್ಯಕ್ಕೆ ತಾಗಿದಾಗ. ನಿಮ್ಮ ವೇಗ 90 ಮೈಲಿ ಅಂತ ಇಟ್ಟುಕೊಳ್ಳಿ. ಚೆನ್ನಾಗಿ ತಾಗಿ 1.46 ಬಂದರೆ ಚೆಂಡಿನ ವೇಗ 131. ಉದ್ದದ ಶಾಫ್ಟಿನಲ್ಲಿ 91 ಮೈಲಿ ಬೀಸಿ ಬದಿಗೆ ತಾಗಿ 1.40 ಬಂದರೆ 127. ಚೆಂಡಿನ ವೇಗದ ಒಂದೊಂದು ಮೈಲಿಗೆ ಸುಮಾರು ಎರಡು ಗಜ ಲೆಕ್ಕ. ಜೋರಾಗಿ ಬೀಸಿಯೂ ಎಂಟು ಗಜ ಹಿಂದೆ ಬಿದ್ದಿರಿ.

ದಿಕ್ಕಿನ ಕಥೆ ಇನ್ನೂ ಇದೆ. ಬಲಗೈ ಆಟಗಾರರಿಗೆ ಹೀಲ್ ಕಡೆ (ಶಾಫ್ಟ್ ಸೇರುವ ಬದಿ) ತಾಗಿದ ಚೆಂಡು ಬಲಕ್ಕೆ ತಿರುಗುವ ಗುಣ ಪಡೆಯುತ್ತದೆ, ಟೋ ಕಡೆ (ಹೊರತುದಿ) ತಾಗಿದ್ದು ಎಡಕ್ಕೆ. ನಿಮ್ಮದು ಬಲಗಡೆಯ ಕಾಯಿಲೆ. ಹಾಗಾಗಿ ಗುರುತುಗಳು ಹೀಲ್ ಕಡೆ ಇರಬಹುದು ಅಂತ ನನ್ನ ಊಹೆ. ಗುರುತು ಮಧ್ಯದಲ್ಲೇ ಬಿದ್ದು ಚೆಂಡು ಮಾತ್ರ ಬಲಕ್ಕೆ ಓಡುತ್ತಿದ್ದರೆ ಶಾಫ್ಟನ್ನು ಬೈಯಬೇಡಿ. ಅದು ಸ್ವಿಂಗಿನ ವಿಷಯ, ಕೋಚ್ ನೋಡಬೇಕು.

ಅಂಗಡಿಯಲ್ಲಿ 45.5, 45.75 ಇಂಚಿನದ್ದೇ ಯಾಕೆ ಸಿಗುತ್ತದೆ ಅಂದರೆ, ಮಾರಾಟ ಆಗುವುದು ಗಜ, ಫೇರ್‌ವೇ (ಚೆಂಡು ಬೀಳಬೇಕಾದ ಹುಲ್ಲಿನ ದಾರಿ) ಅಲ್ಲ. ಸಿಮ್ಯುಲೇಟರ್ ಪರದೆಯಲ್ಲಿ ನಮಗೆ ನೆನಪು ಉಳಿಯುವುದೂ ಆ ಒಂದೆರಡು ಹೊಡೆತವೇ. ದಿನಾ ಆಡಿಯೇ ಹೊಟ್ಟೆ ಹೊರೆಯುವ ಪಿಜಿಎ ಟೂರ್ (ಅಮೆರಿಕದ ವೃತ್ತಿಪರ ಸರಣಿ) ಆಟಗಾರರಲ್ಲಿ ಬಹಳಷ್ಟು ಜನ 45 ಇಂಚಿನ ಆಸುಪಾಸಿನಲ್ಲೇ ಇದ್ದಾರೆ.

ಪ್ರಶ್ನೆ (ಬೆಂಗಳೂರು, ಅವರೇ): ನೀವು ಹೇಳಿದ ಹಾಗೇ ಮಾಡಿದೆ ಸರ್. ತುದಿಯಲ್ಲಿ ಹಿಡಿದಾಗ ಗುರುತುಗಳು ಫೇಸಿನ ತುಂಬಾ ಚೆಲ್ಲಿದ ಹಾಗಿವೆ, ಜಾಸ್ತಿ ಹೀಲ್ ಕಡೆಗೇ. ಒಂದು ಇಂಚು ಕೆಳಗೆ ಹಿಡಿದಾಗ ಎರಡು ಬಿಟ್ಟು ಉಳಿದೆಲ್ಲ ಮಧ್ಯದ ಸುತ್ತಮುತ್ತ. ಆದರೆ ಕ್ಲಬ್ಬಿಗೆ ತಲೆ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ ಅನ್ನಿಸಿತು. ಕತ್ತರಿಸಿಬಿಡಲಾ?

ಉತ್ತರ: ಆ "ಹಗುರ" ಅನ್ನುವುದೇ ಮುಖ್ಯ ವಿಷಯ. ಕತ್ತರಿಸಿದ ಮೇಲೆ ಜನ ವಾಪಸ್ ಬಂದು ದೂರುವುದೂ ಇದನ್ನೇ.

ಸುತ್ತಿಗೆಯನ್ನು ಹಿಡಿಯ ತುದಿಯಲ್ಲಿ ಹಿಡಿದರೆ ಭಾರ, ತಲೆಯ ಹತ್ತಿರ ಹಿಡಿದರೆ ಹಗುರ, ಅಲ್ವಾ? ತೂಕ ಅಷ್ಟೇ ಇದ್ದರೂ ಕೈಗೆ ಬೇರೆ ಅನ್ನಿಸುತ್ತದೆ. ಗಾಲ್ಫ್ ಕ್ಲಬ್ಬಿನಲ್ಲಿ ಇದನ್ನೇ ಸ್ವಿಂಗ್ ವೇಟ್ ಅಂತ ಅಳೆಯುತ್ತೇವೆ. ಗಂಡಸರ ಡ್ರೈವರ್ ಸಾಮಾನ್ಯವಾಗಿ ಡಿ2ರಿಂದ ಡಿ4ರ ಒಳಗೆ ಇರುತ್ತದೆ (ಈ ಅಳತೆಯಲ್ಲಿ ಡಿ0ಕ್ಕಿಂತ ಒಂದು ಅಂಕ ಕೆಳಗೆ ಸಿ9). ಅರ್ಧ ಇಂಚು ಕತ್ತರಿಸಿದರೆ ಸುಮಾರು ಮೂರು ಅಂಕ ಇಳಿಯುತ್ತದೆ. ನಿಮ್ಮದು ಈಗ ಡಿ3 ಇದ್ದರೆ, ಒಂದು ಇಂಚು ಹೋದ ಮೇಲೆ ಸಿ7. ಅಷ್ಟು ಇಳಿದರೆ ತಲೆ ಎಲ್ಲಿದೆ ಅಂತ ಕೈಗೆ ತಿಳಿಯುವುದಿಲ್ಲ. ಬೀಸುವ ಲಯ ಅವಸರದ್ದಾಗುತ್ತದೆ, ಗುರುತುಗಳು ಮತ್ತೆ ಚದುರುತ್ತವೆ. ಆಮೇಲೆ "ಕತ್ತರಿಸಿದ್ದು ದಂಡ" ಅನ್ನುತ್ತಾರೆ.

ಇಳಿದಿದ್ದನ್ನು ತಲೆಗೆ ತೂಕ ಸೇರಿಸಿ ವಾಪಸ್ ತರಬೇಕು. ತಲೆಯಲ್ಲಿ ಎರಡು ಗ್ರಾಂ ಅಂದರೆ ಒಂದು ಅಂಕ. ಆರು ಅಂಕಕ್ಕೆ 12 ಗ್ರಾಂ. ಈಗಿನ ಬಹಳಷ್ಟು ಡ್ರೈವರ್‌ಗಳ ತಳದಲ್ಲಿ ಬಿಚ್ಚಿ ಹಾಕುವ ತೂಕದ ಸ್ಕ್ರೂ ಇರುತ್ತದೆ. ಅದೇ ಮಾಡೆಲ್‌ಗೆ ಹೊಂದುವ ಭಾರದ ಸ್ಕ್ರೂ ತರಿಸಿಕೊಳ್ಳಿ. ಇಲ್ಲವಾದರೆ ಲೀಡ್ ಟೇಪ್ (ಅಂಟಿಸುವ ಸೀಸದ ಪಟ್ಟಿ). ಅರ್ಧ ಇಂಚು ಅಗಲ, ನಾಲ್ಕು ಇಂಚು ಉದ್ದದ ಒಂದು ಪಟ್ಟಿ ಹೆಚ್ಚುಕಡಿಮೆ ಎರಡು ಗ್ರಾಂ ತೂಗುತ್ತದೆ. ನೋಡೋಕೆ ಚೆಂದ ಇರಲ್ಲ, ಕೆಲಸ ಮಾಡುತ್ತದೆ. ನಿಯಮದ ಪ್ರಕಾರವೂ ತೊಂದರೆ ಇಲ್ಲ. ಆದರೆ ಸುತ್ತಿನ ಮಧ್ಯೆ ಅಂಟಿಸುವುದು, ಕೀಳುವುದು ಮಾಡಬಾರದು.

ನಾನಾದರೆ ಈ ಕ್ರಮದಲ್ಲಿ ಮಾಡುತ್ತೇನೆ: ಮೊದಲು ಟೇಪ್ ಹಚ್ಚಿ, ಒಂದು ಇಂಚು ಕೆಳಗೆ ಹಿಡಿದೇ ಕೆಲವು ವಾರ ಆಡಿ. 12 ಗ್ರಾಂ ಒಮ್ಮೆಲೇ ಬೇಡ, ಆರರಿಂದ ಶುರು ಮಾಡಿ. ಹೊಸ ಉದ್ದಕ್ಕೆ ಹಳೆಯ ಅಂಕವೇ ಬೇಕು ಅಂತೇನೂ ಇಲ್ಲ. ಎಷ್ಟೋ ಜನ ಡಿ0ಯಲ್ಲೇ ಖುಷಿಯಾಗಿರುತ್ತಾರೆ. ಗ್ರಿಪ್ ಕೆಳಗೆ ಹೋದಂತೆ ಸಪೂರ ಆಗುತ್ತದೆ, ಹಾಗಾಗಿ ಈ ಪರೀಕ್ಷೆಯಲ್ಲಿ ಹಿಡಿತ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಅದನ್ನು ಲೆಕ್ಕಕ್ಕೆ ತಗೋಬೇಡಿ. ಆಮೇಲೂ ಗುರುತುಗಳು ಮಧ್ಯದಲ್ಲೇ ಇದ್ದರೆ ಆಗ ಕತ್ತರಿಸೋಣ. ನಿಮ್ಮ ಸ್ನೇಹಿತರು ಹೇಳಿದ ಒಂದೂವರೆ ಇಂಚು ಬೇಡ, ಒಂದೇ ಸಾಕು.

ಪ್ರಶ್ನೆ (ಮೈಸೂರು): ನಮಸ್ತೆ. ನಮ್ಮ ಯಜಮಾನರು ಹೊಸ ಡ್ರೈವರ್ ತಗೊಂಡು ಹಳೆಯದನ್ನು ನನಗೆ ಕೊಟ್ಟಿದ್ದಾರೆ. 45.5 ಇಂಚು, ಸ್ಟಿಫ್ ಶಾಫ್ಟ್. ನನ್ನ ಎತ್ತರ 5 ಅಡಿ 2 ಇಂಚು. ಎರಡು ಇಂಚು ಕತ್ತರಿಸಿ ಕೊಡ್ತೀನಿ ಅಂತಿದ್ದಾರೆ. ಸರಿ ಹೋಗುತ್ತಾ?

ಉತ್ತರ: ಬೇಡ ಮೇಡಂ, ದಯವಿಟ್ಟು ಅವರ ಕೈಯಿಂದ ಗರಗಸ ಕಿತ್ತುಕೊಳ್ಳಿ. ಶಾಫ್ಟ್ ಗಿಡ್ಡ ಆದಷ್ಟೂ ಇನ್ನೂ ಬಿಗಿ ಅನ್ನಿಸುತ್ತದೆ. ಈಗಾಗಲೇ ನಿಮಗೆ ಬಿಗಿ ಇರುವುದು ಕಬ್ಬಿಣದ ಸಲಾಕೆ ಆಗಿಬಿಡುತ್ತದೆ. ಗ್ರಿಪ್ ಕೂಡ ದಪ್ಪ ಇರುತ್ತದೆ. ಹೆಂಗಸರ ಡ್ರೈವರ್‌ಗಳು ಸಾಮಾನ್ಯವಾಗಿ 44ರಿಂದ 44.5 ಇಂಚು ಇರುತ್ತವೆ. ಶಾಫ್ಟ್ ಹಗುರ, ಮೆತ್ತಗೆ, ತಲೆಯ ಲಾಫ್ಟ್ (ಫೇಸಿನ ಓರೆ) ಜಾಸ್ತಿ. ಸೆಕೆಂಡ್ ಹ್ಯಾಂಡ್‌ನಲ್ಲಿ ಅಂಥದ್ದೊಂದು ತಗೊಳ್ಳಿ. ಈ ತಲೆಯೇ ಇಷ್ಟ ಅಂದರೆ ಶಾಫ್ಟ್ ಮಾತ್ರ ಬದಲಾಯಿಸಬಹುದು, ಆದರೆ ಅಡಾಪ್ಟರ್ (ಶಾಫ್ಟನ್ನು ತಲೆಗೆ ಜೋಡಿಸುವ ತುಣುಕು) ಅದೇ ಕಂಪನಿಯದ್ದಾಗಿರಬೇಕು. ಒಂದು ಕಂಪನಿಯದ್ದು ಇನ್ನೊಂದರ ತಲೆಗೆ ಕೂರುವುದಿಲ್ಲ.

ದೂರದ ಚಿಂತೆ ಬಿಡಿ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದಾಗ, ಅಲ್ಲಿದ್ದವರಲ್ಲಿ ಅತಿ ಕಡಿಮೆ ದೂರ ಹೊಡೆಯುವವರ ಸಾಲಿನಲ್ಲಿ ಅವರೂ ಒಬ್ಬರು. ಪದಕ ತಪ್ಪಿದ್ದು ಒಂದೇ ಸ್ಟ್ರೋಕ್‌ನಲ್ಲಿ.

ಪ್ರಶ್ನೆ (ಹುಬ್ಬಳ್ಳಿ): ಮಗನಿಗೆ 17 ವರ್ಷ, 6 ಅಡಿ 2 ಇಂಚು ಎತ್ತರ ರೀ. ಅಂಗಡಿಯವರು "ಇಷ್ಟು ಎತ್ತರ ಇದ್ದಾನೆ, 46.5 ಮಾಡಿಸಿ" ಅಂತಾರೆ. ದೊಡ್ಡ ಟೂರ್ನಮೆಂಟ್ ಆಡುವ ಆಸೆ ಇದೆ ಅವನಿಗೆ.

ಉತ್ತರ: ಮೊದಲು ಬೂಟು ಹಾಕಿಸಿ, ನೆಟ್ಟಗೆ ನಿಲ್ಲಿಸಿ, ಕೈ ಸಡಿಲ ಬಿಡಿಸಿ, ಮಣಿಕಟ್ಟಿನ ಗೆರೆಯಿಂದ ನೆಲದವರೆಗೆ ಅಳೆಯಿರಿ. ಎತ್ತರದ ಹುಡುಗರಿಗೆ ಕೈಯೂ ಉದ್ದ ಇರುವುದು ಸಾಮಾನ್ಯ. ಎತ್ತರದಲ್ಲಿ ಕಾಣುವ ವ್ಯತ್ಯಾಸ ಮಣಿಕಟ್ಟಿನ ಅಳತೆಯಲ್ಲಿ ಅಷ್ಟು ಇರುವುದಿಲ್ಲ. ಅದೂ ಶುರು ಮಾಡುವುದಕ್ಕೆ ಒಂದು ಅಂದಾಜು ಮಾತ್ರ. ಕೊನೆಗೆ ಹೇಳುವುದು ಫೇಸಿನ ಮೇಲಿನ ಗುರುತೇ.

ಇನ್ನು ನಿಯಮ. ಪಟರ್ (ಚೆಂಡನ್ನು ಗುಳಿಗೆ ಉರುಳಿಸುವ ಕ್ಲಬ್) ಬಿಟ್ಟು ಉಳಿದ ಕ್ಲಬ್‌ಗಳಿಗೆ ಗರಿಷ್ಠ 48 ಇಂಚು. ಆದರೆ 2022ರ ಜನವರಿಯಿಂದ ಒಂದು ಸ್ಥಳೀಯ ನಿಯಮಕ್ಕೆ ಅವಕಾಶ ಇದೆ. ಅದನ್ನು ಜಾರಿಗೆ ತಂದ ಟೂರ್ನಮೆಂಟ್‌ಗಳಲ್ಲಿ ಮಿತಿ 46. ವೃತ್ತಿಪರ ಟೂರ್‌ಗಳಿಗೆ, ಮೇಲ್ಮಟ್ಟದ ಅಮೆಚೂರ್ ಸ್ಪರ್ಧೆಗಳಿಗೆ ಅಂತಲೇ ತಂದಿದ್ದು. ಪಿಜಿಎ ಟೂರ್ ಅದನ್ನು ಪಾಲಿಸುತ್ತದೆ. ಮಗನ ಆಸೆ ಆ ಕಡೆಗೇ ಇದ್ದರೆ 46.5 ಯಾಕೆ ಮಾಡಿಸ್ತೀರಿ? ನಾಳೆ ಮತ್ತೆ ಕತ್ತರಿಸಬೇಕಾಗುತ್ತದೆ.

ಪ್ರಶ್ನೆ (ಬೆಂಗಳೂರು): ಸ್ವಲ್ಪ ವಾದ ಮಾಡ್ತೀನಿ, ಬೇಜಾರು ಮಾಡ್ಕೋಬೇಡಿ. ಫಿಲ್ ಮಿಕೆಲ್ಸನ್ 50ನೇ ವಯಸ್ಸಿನಲ್ಲಿ ಪಿಜಿಎ ಚಾಂಪಿಯನ್‌ಶಿಪ್ ಗೆದ್ದಿದ್ದು 48ರ ಹತ್ತಿರದ ಡ್ರೈವರ್‌ನಲ್ಲೇ ತಾನೇ?

ಉತ್ತರ: ಹೌದು, 2021ರಲ್ಲಿ, ಕಿಯಾವಾ ದ್ವೀಪದಲ್ಲಿ. ಅವರ ಕೈಗೆ ಅದು ಒಗ್ಗಿತ್ತು. ಅದಕ್ಕೂ ಹಿಂದಿನ ವರ್ಷ ಬ್ರೈಸನ್ ಡಿಶಾಂಬೊ ಮಾಸ್ಟರ್ಸ್ ಟೂರ್ನಮೆಂಟ್‌ಗೆ 48 ಇಂಚಿನದ್ದು ತರುತ್ತಾರೆ ಅಂತ ಭಾರೀ ಸುದ್ದಿ ಆಗಿತ್ತು. ಪರೀಕ್ಷೆ ಮಾಡಿ ನೋಡಿ, ಸ್ಪರ್ಧೆಗೆ ತರಲೇ ಇಲ್ಲ. ಆಗ ಅವರಷ್ಟು ದೂರ ಹೊಡೆಯುವವರು ಯಾರೂ ಇರಲಿಲ್ಲ. ಇನ್ನೊಂದು ತುದಿ ನೋಡಿ: 2000ದಲ್ಲಿ ಪೆಬಲ್ ಬೀಚ್‌ನಲ್ಲಿ ಟೈಗರ್ ವುಡ್ಸ್ ಯುಎಸ್ ಓಪನ್ ಗೆದ್ದಿದ್ದು 15 ಸ್ಟ್ರೋಕ್ ಅಂತರದಲ್ಲಿ. ಕೈಯಲ್ಲಿದ್ದ ಡ್ರೈವರ್ 43.5 ಇಂಚು, ಸ್ಟೀಲ್ ಶಾಫ್ಟ್. ನಿಮ್ಮ ಮಿಕೆಲ್ಸನ್‌ಗೆ ನನ್ನ ವುಡ್ಸ್. ಇಂಥ ಉದಾಹರಣೆಗಳಿಂದ ನಮ್ಮ ನಿಮ್ಮ ಉದ್ದ ತಿಳಿಯುವುದಿಲ್ಲ ಬಿಡಿ.

ಪ್ರಶ್ನೆ (ಮಂಗಳೂರಿಂದ ಬೆಂಗಳೂರಿಗೆ ಬಂದವನು): ನಾನು ಇಲ್ಲಿಗೆ ಬಂದ ಮೇಲೆ 46 ಇಂಚಿನ ಶಾಫ್ಟ್ ಹಾಕಿಸಿದೆ. ಏಳೆಂಟು ಗಜ ಜಾಸ್ತಿಯೇ ಬರ್ತಿದೆ ಮಾರಾಯ್ರೆ. ಇದಕ್ಕೇನು ಹೇಳ್ತೀರಿ?

ಉತ್ತರ: ಶಾಫ್ಟಿಗಿಂತ ಮೊದಲು ಬೆಂಗಳೂರಿಗೆ ಥ್ಯಾಂಕ್ಸ್ ಹೇಳಿ. ಇದು ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದೆ. ಗಾಳಿ ತೆಳು, ಚೆಂಡಿಗೆ ತಡೆ ಕಡಿಮೆ. ಕರಾವಳಿಗಿಂತ ಮೂರು ಪ್ರತಿಶತದಷ್ಟು ಜಾಸ್ತಿ ಹಾರುತ್ತದೆ. 200 ಗಜದ ಹೊಡೆತಕ್ಕೆ ಆರೇಳು ಗಜ ಅಲ್ಲೇ ಬಂತು. ಹಳೆಯ ಶಾಫ್ಟ್ ಇನ್ನೂ ಇದ್ದರೆ ಒಂದೇ ದಿನ, ಒಂದೇ ರೇಂಜಿನಲ್ಲಿ ಎರಡನ್ನೂ ಹೊಡೆದು ನೋಡಿ.

ಪ್ರಶ್ನೆ (ಬೆಂಗಳೂರು, ಮೊದಲು ಕೇಳಿದವರು): ಸರ್, ಮತ್ತೆ ನಾನೇ. ಟೇಪ್ ಹಚ್ಚಿ ಆಡ್ತಿದ್ದೀನಿ, ಎಂಟು ಗ್ರಾಂನಲ್ಲಿ ಚೆನ್ನಾಗಿದೆ. ಇನ್ನು ಕತ್ತರಿಸೋದೇ. ಆದರೆ ಮನೆಯಲ್ಲಿ ಅಳತೆ ಟೇಪ್ ಹಿಡಿದು ಅಳೆದರೆ 45.25 ಬರುತ್ತಿದೆ, ಪಟ್ಟಿಯಲ್ಲಿ 45.75. ಮೋಸ ಹೋದೆನಾ? ಹ್ಯಾಕ್ಸಾ ಇದೆ, ನಾನೇ ಕತ್ತರಿಸಬಹುದಾ?

ಉತ್ತರ: ಮೋಸ ಇರಲಿಕ್ಕಿಲ್ಲ, ಅಳೆಯುವ ರೀತಿ ಬೇರೆ ಇರಬೇಕು. ನೀವು ಹೀಲ್ ಅಂಚಿನಿಂದ ಅಳೆದಿರಬಹುದು. ನಿಯಮದ ಅಳತೆಯಲ್ಲಿ ಕ್ಲಬ್ಬನ್ನು ಸಮತಟ್ಟಾದ ಮೇಜಿನ ಮೇಲೆ ಮಲಗಿಸಿ, ತಳವನ್ನು 60 ಡಿಗ್ರಿ ಓರೆ ಇರುವ ಹಲಗೆಗೆ ತಾಗಿಸುತ್ತಾರೆ. ಮೇಜು ಮತ್ತು ಹಲಗೆ ಸೇರುವ ಗೆರೆಯಿಂದ ಗ್ರಿಪ್ಪಿನ ತುದಿಯವರೆಗೆ ಉದ್ದ. ಕಂಪನಿಗಳೂ ಎಲ್ಲವೂ ಒಂದೇ ರೀತಿ ಅಳೆಯುವುದಿಲ್ಲ. ನಿಮಗೆ ಬೇಕಾಗಿರುವುದು ಈಗಿರುವುದಕ್ಕಿಂತ ಒಂದು ಇಂಚು ಕಡಿಮೆ, ಅಷ್ಟೇ. ಪಟ್ಟಿಯ ಅಂಕಿ ಮರೆತುಬಿಡಿ.

ನೀವೇ ಮಾಡಬಹುದು. ಕತ್ತರಿಸುವುದು ಗ್ರಿಪ್ ಇರುವ ತುದಿಯಿಂದ, ತಲೆಯ ಕಡೆಯಿಂದ ಖಂಡಿತ ಅಲ್ಲ. ಆ ಕಡೆ ಕತ್ತರಿಸಿದರೆ ಬಿಗಿ ಪೂರ್ತಿ ಬದಲಾಗುತ್ತದೆ. ಮೊದಲು ಹಳೆಯ ಗ್ರಿಪ್ ಕುಯ್ದು ತೆಗೆಯಿರಿ, ಆದರೆ ಬ್ಲೇಡ್ ಒಳಗೆ ಒತ್ತಬೇಡಿ. ಗ್ರಾಫೈಟ್ ಮೇಲೆ ಗೀರು ಬಿದ್ದರೆ ಮುಂದೊಂದು ದಿನ ಅಲ್ಲೇ ಮುರಿಯುತ್ತದೆ. ಗ್ರಿಪ್ ಒಳಗೆ ಅಂಟಿರುವ ಹಳೆಯ ಟೇಪ್ ಕೆರೆದು, ಬರೀ ಶಾಫ್ಟಿನ ತುದಿಯಿಂದ ಒಂದು ಇಂಚು ಗುರುತು ಹಾಕಿ. ಅದರ ಮೇಲೆ ಮಾಸ್ಕಿಂಗ್ ಟೇಪ್ ಎರಡು ಸುತ್ತು ಬಿಗಿಯಾಗಿ ಸುತ್ತಿ, ಇಲ್ಲದಿದ್ದರೆ ನಾರು ಸಿಬಿರು ಏಳುತ್ತದೆ. ಹ್ಯಾಕ್ಸಾಗೆ ಅತಿ ಸಣ್ಣ ಹಲ್ಲಿನ ಬ್ಲೇಡ್ ಹಾಕಿ, ಶಾಫ್ಟ್ ತಿರುಗಿಸುತ್ತಾ ಸುತ್ತಲಿಂದ ಕೊರೆಯಿರಿ. ಮುಖಕ್ಕೆ ಮಾಸ್ಕ್ ಇರಲಿ, ಗ್ರಾಫೈಟ್ ಧೂಳು ಒಳ್ಳೆಯದಲ್ಲ. ಹೊಸ ಗ್ರಿಪ್ ಹಳೆಯದರಷ್ಟೇ ತೂಕದ್ದು ತಗೊಳ್ಳಿ, ಇಲ್ಲದಿದ್ದರೆ ನೀವು ಇಷ್ಟು ದಿನ ಹೊಂದಿಸಿದ ಎಂಟು ಗ್ರಾಂ ಲೆಕ್ಕ ತಪ್ಪುತ್ತದೆ. ಕತ್ತರಿಸಿದ ಶಾಫ್ಟಿಗೆ ವಾರಂಟಿ ಇರುತ್ತದಾ ಅಂತ ಅಂಗಡಿಯಲ್ಲಿ ಮೊದಲೇ ಕೇಳಿ. ಮುಂದೆ ಮಾರುವ ಯೋಚನೆ ಇದ್ದರೆ ಬೆಲೆಯೂ ಸ್ವಲ್ಪ ಇಳಿಯುತ್ತದೆ. ಗ್ರಿಪ್ ಹಾಕಿದ ಮೇಲೆ ಒಂದು ರಾತ್ರಿ ಒಣಗಲು ಬಿಟ್ಟು, ಮಾರನೇ ದಿನ ಆ ಮಾರ್ಕರ್ ಇಟ್ಟುಕೊಂಡೇ ರೇಂಜಿಗೆ ಹೋಗಿ. ಫೋಟೋ ಇಲ್ಲಿ ಹಾಕಿದರೆ ನೋಡಿ ಹೇಳ್ತೀನಿ.